ಹಳೇದಾ, ಹೊಸದಾ? ವಿಶ್ವಕೋಶದಲ್ಲಿ ಧಾರಾವಾಹಿಗೆ ಹೆಸರಿಡುವ ಪಾಡು

ಆಷಾಢದ ಮಳೆ ಬಿಡದೆ ಹೊಯ್ಯುತ್ತಿದ್ದ ಸಂಜೆ. ಸೋಮವಾರಪೇಟೆಯ ನಮ್ಮ ಮನೆಯಲ್ಲಿ ಕನ್ನಡ ವಿಕಿಪೀಡಿಯಕ್ಕೆಂದು 'ಲಕ್ಷ್ಮೀ ಬಾರಮ್ಮ' ಧಾರಾವಾಹಿಯ ಪುಟ ಬರೆಯುತ್ತಾ ಕೂತಿದ್ದೆ. ಮಳೆಗೆ ಡಿಶ್ ಕೈಕೊಟ್ಟು ಟಿವಿ ನಿಂತಿತ್ತು. ಮಾಡಲು ಬೇರೆ ಕೆಲಸವಿಲ್ಲದೆ ಚಿಕ್ಕಮ್ಮ ನನ್ನ ಬೆನ್ನ ಹಿಂದೆ ಬಂದು ನಿಂತರು.

"ಯಾವ್ದೋ ಅದು, ಹಳೇದಾ, ಹೊಸದಾ?"

"ಲಕ್ಷ್ಮೀ ಬಾರಮ್ಮ, ಚಿಕ್ಕಮ್ಮ."

"ಅದೇ ಕಣೋ ನಾನೂ ಕೇಳ್ತಿರೋದು. ಗೊಂಬೆ, ಚಿನ್ನು ಇದ್ರಲ್ಲ, ಅದಾ? ಇಲ್ಲಾ ಈ ವೈಷ್ಣವ್ ಹಾಡೋದಾ?" ಅಂದವರು ಅಲ್ಲಿಗೇ ನಿಲ್ಲಿಸದೆ, "ಆ ಹೊಸದ್ರಲ್ಲಿ ಅತ್ತೆಗೆ ಕಾವೇರಿ ಅಂತ ಹೆಸರಿಟ್ಟು ಅವಳ ಕೈಲಿ ಎಂಥೆಂಥ ಕೆಲ್ಸ ಮಾಡಿಸ್ತಾರೆ ನೋಡು" ಎಂದು ಗೊಣಗಿಕೊಂಡರು. ಕೊಡಗಿನಲ್ಲಿ ಹುಟ್ಟಿ ಬೆಳೆದವರಿಗೆ ಆ ಹೆಸರಿನ ಖಳನಾಯಕಿ ಒಂದು ಚೂರು ಕಸಿವಿಸಿಯೇ.

ಚಿಕ್ಕಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ಮೊದಲ 'ಲಕ್ಷ್ಮೀ ಬಾರಮ್ಮ' ಶುರುವಾದದ್ದು 2013ರಲ್ಲಿ, ಈಟಿವಿ ಕನ್ನಡದಲ್ಲಿ. 2015ರಲ್ಲಿ ವಾಹಿನಿಯ ಹೆಸರೇ ಕಲರ್ಸ್ ಕನ್ನಡ ಎಂದಾಯಿತು, ಧಾರಾವಾಹಿ ಮಾತ್ರ ಹಳೇ ಹೆಸರಲ್ಲೇ 2020ರವರೆಗೆ ನಡೆಯಿತು. 2023ರಲ್ಲಿ ಅದೇ ವಾಹಿನಿ ಅದೇ ಹೆಸರಿನಲ್ಲಿ ಬೇರೆ ಕಥೆ, ಬೇರೆ ಪಾತ್ರಗಳ ಇನ್ನೊಂದು ಧಾರಾವಾಹಿ ತಂದಿತು. ಅದು 'ಭಾಗ್ಯಲಕ್ಷ್ಮಿ'ಯ ಕಥೆಯಿಂದ ಕವಲೊಡೆದದ್ದು, ಭಾಗ್ಯಳ ತಂಗಿ ಲಕ್ಷ್ಮಿಯದ್ದು. ಹಾಗಾದರೆ ಇದು ಲಕ್ಷ್ಮೀ ಬಾರಮ್ಮದ ಎರಡನೇ ಸೀಸನ್ನೇ, ಬೇರೆಯೇ ಧಾರಾವಾಹಿಯೇ? ಪುಟಕ್ಕೆ ಏನು ಹೆಸರಿಡಬೇಕು?

ಮನೆಯಲ್ಲಿ 'ಹಳೇದು', 'ಹೊಸದು' ಎಂದರೆ ಮುಗಿಯಿತು. ವಿಶ್ವಕೋಶದಲ್ಲಿ ಅದು ನಡೆಯುವುದಿಲ್ಲ. ಇವತ್ತಿನ ಹೊಸದು ನಾಳೆ ಹಳೇದಾಗುತ್ತದೆ. ಐದು ವರ್ಷ ಬಿಟ್ಟು ವಾಹಿನಿಯವರಿಗೆ ಮತ್ತೆ ಅದೇ ಹೆಸರಿನ ಮೇಲೆ ಮನಸ್ಸಾದರೆ 'ಹೊಸ ಹೊಸ ಲಕ್ಷ್ಮೀ' ಎನ್ನುವುದೇ? ಮಡಿಕೇರಿಯಲ್ಲಿ ಈಗಲೂ 'ಹಳೇ ಖಾಸಗಿ ಬಸ್ ನಿಲ್ದಾಣದ ಹತ್ತಿರ' ಎಂದು ಗುರುತು ಹೇಳುತ್ತೇವೆ. ಊರಿನವರಿಗೆ ಅಷ್ಟು ಸಾಕು, ಬಸ್ಸಿಳಿದ ಪ್ರವಾಸಿಗೆ ಸಾಲದು. ವಿಶ್ವಕೋಶ ಓದುವವರೆಲ್ಲ ಬಸ್ಸಿಳಿದವರೇ.

ಇದಕ್ಕೊಂದು ಯಂತ್ರದ ಕಾರಣವೂ ಉಂಟು. ವಿಕಿಪೀಡಿಯ ನಡೆಯುವ ತಂತ್ರಾಂಶದಲ್ಲಿ ಪುಟದ ಶೀರ್ಷಿಕೆಯೇ ಅದರ ವಿಳಾಸ. ಒಂದೇ ವಿಳಾಸದಲ್ಲಿ ಎರಡು ಮನೆ ಇರಲು ಸಾಧ್ಯವಿಲ್ಲ. ಛಾಪಿಸಿದ ವಿಶ್ವಕೋಶದಲ್ಲಿ ಒಂದೇ ಹೆಸರಿನ ಎರಡು ನಮೂದು ಒಂದರ ಕೆಳಗೊಂದು ಬಂದರೆ ಓದುವವರು ತಾವೇ ವಿಂಗಡಿಸಿಕೊಳ್ಳುತ್ತಾರೆ. ಇಲ್ಲಿ ಎರಡನೆಯವರು ಬಂದು ಅದೇ ಹೆಸರು ಕೊಟ್ಟರೆ ತೆರೆಯುವುದು ಮೊದಲನೆಯವರ ಪುಟ. ಆದ್ದರಿಂದ ಎಲ್ಲೋ ಒಂದು ಕಡೆ ಹೆಸರಿಗೆ ಬಾಲ ಅಂಟಿಸಲೇಬೇಕು. ಯಾವ ಬಾಲ, ಎಷ್ಟು ಉದ್ದ, ಯಾರಿಗೆ ಬೇಕು ಯಾರಿಗೆ ಬೇಡ ಎನ್ನುವುದೇ ಈ ನಾಮಕರಣದ ನಿಯಮಗಳ ಹೂರಣ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದಕ್ಕೆ ವರ್ಷಗಟ್ಟಲೆ ಚರ್ಚಿಸಿ ರೂಪಿಸಿದ ಪದ್ಧತಿ ಇದೆ. ಯಾವ ಶೀರ್ಷಿಕೆಗಾದರೂ ಅವರು ಐದು ಗುಣ ಬಯಸುತ್ತಾರೆ. ನೋಡಿದ ಕೂಡಲೇ ಗುರುತು ಹತ್ತಬೇಕು, ಜನ ಬಾಯಲ್ಲಿ ಹೇಳುವಂತೆ ಇರಬೇಕು, ಬೇರೆ ಯಾವುದರ ಜೊತೆಗೂ ಗೊಂದಲವಾಗಬಾರದು, ಉದ್ದವಾಗಬಾರದು, ಅದೇ ಬಗೆಯ ಬೇರೆ ಪುಟಗಳ ಹೆಸರಿಗೆ ಹೊಂದಿಕೊಳ್ಳಬೇಕು. ಕೇಳಲು ಚೆನ್ನಾಗಿದೆ. ಕೂತು ಹೆಸರಿಡುವಾಗ ಈ ಐದು ಗುಣಗಳು ಐದು ಜನ ದಾಯಾದಿಗಳ ಹಾಗೆ ಜಗ್ಗಾಡುತ್ತವೆ. ಗೊಂದಲ ತಪ್ಪಿಸಲು ಹೋದರೆ ಹೆಸರು ಉದ್ದವಾಗುತ್ತದೆ, ಚಿಕ್ಕದು ಮಾಡಿದರೆ ಗೊಂದಲ ಹುಟ್ಟುತ್ತದೆ.

ಟಿವಿ ಕಾರ್ಯಕ್ರಮಗಳ ಮಟ್ಟಿಗೆ ಅವರು ಹಿಡಿದ ದಾರಿ ಹೀಗೆ. ಆ ಹೆಸರು ಬೇರೆ ಯಾವುದಕ್ಕೂ ಇಲ್ಲದಿದ್ದರೆ ಬರಿಯ ಹೆಸರು. ಅದೇ ಹೆಸರಿನ ಪುಸ್ತಕವೋ ಸಿನಿಮಾವೋ ಇದ್ದರೆ ಮುಂದೆ ಆವರಣದಲ್ಲಿ 'ಟಿವಿ ಸೀರೀಸ್' ಎಂಬ ಗುರುತು. ಆ ಹೆಸರಿನ ಟಿವಿ ಸೀರೀಸೇ ಎರಡಿದ್ದರೆ ವರ್ಷವೋ ದೇಶವೋ ಸೇರುತ್ತದೆ. 1988ರ 'ಮಹಾಭಾರತ್' ಮತ್ತು 2013ರ 'ಮಹಾಭಾರತ್' ಬೇರೆಯಾಗುವುದು ವರ್ಷದಿಂದ. 'ದಿ ಆಫೀಸ್' ಬ್ರಿಟನ್ನಿನಲ್ಲಿ 2001ರಲ್ಲಿ ಶುರುವಾಯಿತು, ಅಮೆರಿಕದಲ್ಲಿ 2005ರಲ್ಲಿ. ಅಲ್ಲಿ ದೇಶದ ಹೆಸರು ಕೆಲಸಕ್ಕೆ ಬರುತ್ತದೆ.

ನಮ್ಮ ಕಡೆಯದೇ ಉದಾಹರಣೆ ಬೇಕೆಂದರೆ 'ಮಾಲ್ಗುಡಿ ಡೇಸ್' ನೋಡಿ. 1943ರ ಕಥಾಸಂಕಲನ ಒಂದು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ, 1986ರಲ್ಲಿ ದೂರದರ್ಶನದಲ್ಲಿ ಬಂದ ಸರಣಿ ಇನ್ನೊಂದು. 2020ರ ಕನ್ನಡ ಸಿನಿಮಾ ಮತ್ತೊಂದು. ಇಷ್ಟಕ್ಕೇ ಮುಗಿಯಲಿಲ್ಲ. ಶಂಕರ್‌ನಾಗ್ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಹೊಸ ಕಂತುಗಳು ತಯಾರಾಗಿ 2006ರಲ್ಲಿ ಪ್ರಸಾರವಾದವು. ನಡುವೆ ಹತ್ತೊಂಬತ್ತಿಪ್ಪತ್ತು ವರ್ಷದ ಅಂತರ, ನಿರ್ದೇಶಕರೂ ಬೇರೆ. ಆದರೂ ಅದನ್ನು ಬೇರೆ ಸರಣಿ ಎನ್ನಲು ಮನಸ್ಸು ಬರುವುದಿಲ್ಲ, ಅದು ಅದರದೇ ಮುಂದುವರಿಕೆ. ಅತ್ತ 'ಲಕ್ಷ್ಮೀ ಬಾರಮ್ಮ'ದಲ್ಲಿ ವಾಹಿನಿ ಒಂದೇ, ಹೆಸರು ಒಂದೇ, ನಡುವಿನ ಅಂತರ ಮೂರೇ ವರ್ಷ. ಆದರೂ ಅದು ಬೇರೆ ಧಾರಾವಾಹಿ. ಹೆಸರು ಕೂಡಿದ ಮಾತ್ರಕ್ಕೆ ಎರಡೂ ಒಂದಾಗುವುದಿಲ್ಲ, ಕಾಲ ದೂರವಾದ ಮಾತ್ರಕ್ಕೆ ಬೇರೆಯಾಗುವುದೂ ಇಲ್ಲ. ಕಥೆ ಎಲ್ಲಿ ಮುಂದುವರಿಯಿತು ಎಂದು ನೋಡಬೇಕು.

ಗುರುತಿನ ಬಾಲವನ್ನು ಬೇಕಾದಾಗ ಮಾತ್ರ ಹಚ್ಚಬೇಕೋ ಯಾವಾಗಲೂ ಹಚ್ಚಬೇಕೋ ಎನ್ನುವುದು ಕೊಡಗಿನವರಿಗೆ ಹೊಸ ಪ್ರಶ್ನೆಯಲ್ಲ. ಕೊಡವರ ಹೆಸರಿನ ಕ್ರಮ ನೋಡಿ. ಮೊದಲು ಒಕ್ಕದ, ಅಂದರೆ ಮನೆತನದ ಹೆಸರು, ಆಮೇಲೆ ತಂದೆಯದು, ಕೊನೆಗೆ ತನ್ನದು. ಕೊಡಂದೇರ ಮಾದಪ್ಪ ಕಾರ್ಯಪ್ಪ ಫೀಲ್ಡ್ ಮಾರ್ಷಲ್, ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಜನರಲ್. ಧಾರಾವಾಹಿ, ಸೀಸನ್, ಸಂಚಿಕೆ ಎಂಬ ಮೂರು ಮೆಟ್ಟಿಲಿನಂತೆಯೇ ಇದೂ. ವಿರಾಜಪೇಟೆಯ ಸಂತೆಯಲ್ಲಿ ನಿಂತು 'ಪೊನ್ನಪ್ಪಾ' ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ, ಅದಕ್ಕೇ ಒಕ್ಕದ ಹೆಸರು ಬೇಕು ಎಂದು ವಿವರಿಸಬಹುದು. ಆದರೆ ಅದು ಅರ್ಧ ಉತ್ತರ. ಇಡೀ ಜಿಲ್ಲೆಯಲ್ಲಿ ಆ ಹೆಸರಿನವರು ಒಬ್ಬರೇ ಇದ್ದರೂ ಮದುವೆ ಕಾಗದದಲ್ಲಿ ಒಕ್ಕದ ಹೆಸರು ಬಿಡುವುದಿಲ್ಲ. ಅದು ಗೊಂದಲ ತಪ್ಪಿಸುವ ಗುರುತಷ್ಟೇ ಅಲ್ಲ, ಯಾರ ಮನೆಯವರು ಎಂದು ಹೇಳುವ ಮಾತು.

ಇಂಗ್ಲಿಷ್ ವಿಕಿಪೀಡಿಯದಲ್ಲಿ 2006–07ರ ಸುಮಾರಿಗೆ ನಡೆದ ದೊಡ್ಡ ಜಗಳ ಇದೇ ವಿಷಯಕ್ಕೆ. ಅಮೆರಿಕದ ಸರಣಿಗಳಲ್ಲಿ ಪ್ರತಿ ಸಂಚಿಕೆಗೂ ಒಂದು ಹೆಸರು ಇರುತ್ತದೆ, ಎಷ್ಟೋ ಸಂಚಿಕೆಗೆ ಪ್ರತ್ಯೇಕ ಪುಟವೂ ಇದೆ. ಒಂದು ಪಕ್ಷದವರು ಸರಣಿಯ ಎಲ್ಲ ಸಂಚಿಕೆಗಳ ಹೆಸರಿನ ಮುಂದೆಯೂ ಆವರಣದಲ್ಲಿ ಸರಣಿಯ ಹೆಸರು ಇರಲಿ, ನೋಡಲು ಒಂದೇ ಸಮ ಇರುತ್ತದೆ ಎಂದರು. ಅಂದರೆ ಒಕ್ಕದ ಹೆಸರಿನ ಪಕ್ಷ. ಇನ್ನೊಂದು ಪಕ್ಷದವರು ಗೊಂದಲವಿದ್ದಲ್ಲಿ ಮಾತ್ರ ಸಾಕು ಎಂದರು. ಅಲ್ಲಿನ ಪಂಚಾಯಿತಿ ಕಟ್ಟೆಯಂತಿರುವ ಮಧ್ಯಸ್ಥಿಕೆ ಸಮಿತಿಯವರೆಗೆ ಇದು ಹೋಯಿತು. ಒಂದು ಆವರಣ ಚಿಹ್ನೆಗಾಗಿ ದೊಡ್ಡವರೆಲ್ಲ ಅಷ್ಟು ದೂರ ಹೋದರು ಎಂದರೆ ನಗು ಬರಬಹುದು, ಆದರೆ ಬೇಲಿಯ ಎರಡು ಅಡಿಗಾಗಿ ಮಡಿಕೇರಿ ಕೋರ್ಟು ಹತ್ತಿದವರು ನಮ್ಮಲ್ಲೂ ಇದ್ದಾರೆ. ಕೊನೆಗೆ ಅಲ್ಲಿ ಉಳಿದದ್ದು 'ಬೇಕಾದಾಗ ಮಾತ್ರ' ಎಂಬ ಪದ್ಧತಿ. ಹಾಗಾಗಿ 'ಪೈಲಟ್' ಎಂಬ ಹೆಸರಿನ ಸಂಚಿಕೆಗೆ ಯಾವಾಗಲೂ ಸರಣಿಯ ಹೆಸರು ಅಂಟಿಕೊಂಡಿರುತ್ತದೆ. ಎಷ್ಟೋ ಸರಣಿಗಳ ಮೊದಲ ಸಂಚಿಕೆಗೆ ಅದೇ ಹೆಸರು, ಅದು ನಮ್ಮ ಸಂತೆಯ ಪೊನ್ನಪ್ಪ. ಬೇರೆಲ್ಲೂ ಕಾಣದ ಹೆಸರಿನ ಸಂಚಿಕೆ ಮಾತ್ರ ಬರಿಗಾಲಲ್ಲಿ ನಿಲ್ಲುತ್ತದೆ.

ಇಂಗ್ಲಿಷಿಗೆ ಅದು ಸರಿ ಇರಬಹುದು. ಅಲ್ಲಿ ಸಂಚಿಕೆಯ ಹೆಸರು ನಿರ್ಮಾಪಕರೇ ಇಟ್ಟದ್ದು, ಅದರ ಬಗ್ಗೆ ಪತ್ರಿಕೆಗಳು ವಿಮರ್ಶೆ ಬರೆದಿರುತ್ತವೆ, ಹೆಸರಿಗೆ ತನ್ನದೇ ಕಾಲು ಇರುತ್ತದೆ. ಕನ್ನಡದಲ್ಲಿ ನಾನು ಒಕ್ಕದ ಪಕ್ಷ. ಧಾರಾವಾಹಿಯ ಹೆಸರಿಲ್ಲದೆ ನಮ್ಮ ಸಂಚಿಕೆಗಳನ್ನು ಯಾರೂ ಗುರುತಿಸುವುದಿಲ್ಲ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ, ಅದಕ್ಕೂ ಮೊದಲು ಸೀಸನ್ನಿನ ಗೋಳು ಮುಗಿಸೋಣ.

ಕೊಡಗಿನಲ್ಲಿ 'ಸೀಸನ್ ಶುರುವಾಯ್ತು' ಎಂದರೆ ಕಾಫಿ ಕೊಯ್ಲು ಶುರುವಾಯ್ತು ಎಂದರ್ಥ. ಹೋಂಸ್ಟೇ ನಡೆಸುವವರು ಹೇಳಿದರೆ ಪ್ರವಾಸಿಗರು ಬಂದರು ಎಂದರ್ಥ. ಎರಡರಲ್ಲೂ ಒಂದು ಸಂಗತಿ ಖಾಯಂ: ಸೀಸನ್ ಅಂದ ಮೇಲೆ ಅದು ಮುಗಿಯಬೇಕು, ನಡುವೆ ಬಿಡುವು ಇರಬೇಕು, ಮತ್ತೆ ಬರಬೇಕು. ಪಶ್ಚಿಮದ ಟಿವಿ ಸೀಸನ್ನೂ ಹಾಗೆಯೇ. ಕೆಲವು ತಿಂಗಳು ಬಂದು ನಿಲ್ಲುತ್ತದೆ, ಮರುವರ್ಷ ಮತ್ತೆ ಬರುತ್ತದೆ. ನಮ್ಮ ದಿನವಹಿ ಧಾರಾವಾಹಿ ಹಾಗಲ್ಲ, ಅದು ಕಾವೇರಿ. ಬೇಸಿಗೆಯಲ್ಲಿ ಬಡವಾಗಬಹುದು, ಹರಿಯುವುದು ನಿಲ್ಲುವುದಿಲ್ಲ. ಏಳು ವರ್ಷ ನಡೆದ ಧಾರಾವಾಹಿಯಲ್ಲಿ 'ಸೀಸನ್ 3' ಎಲ್ಲಿಂದ ಎಲ್ಲಿಗೆ? ಕಥೆ ಹತ್ತು ವರ್ಷ ಮುಂದಕ್ಕೆ ಹಾರಿದಲ್ಲಿ ಗೆರೆ ಎಳೆಯಬೇಕೇ, ನಾಯಕಿಯ ಪಾತ್ರಕ್ಕೆ ಹೊಸ ಮುಖ ಬಂದಲ್ಲಿ ಎಳೆಯಬೇಕೇ? ವಾಹಿನಿ ಹಾಗೆ ಭಾಗ ಮಾಡದಿರುವಾಗ ವಿಶ್ವಕೋಶ ಬರೆಯುವವರು ಮಾಡುವುದು ಅಧಿಕಪ್ರಸಂಗ. ಇಂಗ್ಲಿಷ್ ಪುಟದ ಬದಿಯಲ್ಲಿರುವ ಮಾಹಿತಿಪೆಟ್ಟಿಗೆಯಲ್ಲಿ 'ಸೀಸನ್‌ಗಳ ಸಂಖ್ಯೆ' ಎಂಬ ಖಾನೆ ಇದೆ ಎಂಬ ಒಂದೇ ಕಾರಣಕ್ಕೆ ಅಲ್ಲಿ '1' ಎಂದು ತುಂಬುವ ಚಪಲ ನನಗೂ ಇತ್ತು. ಈಗ ಆ ಖಾನೆಯನ್ನು ಖಾಲಿ ಬಿಡುತ್ತೇನೆ.

ಎರಡನೇ ಬಾರಿ ಬರುವಾಗ ಕನ್ನಡ ಟಿವಿ ತನ್ನದೇ ಜಾಣತನ ತೋರಿಸಿದ್ದೂ ಇದೆ. ಟಿ.ಎನ್. ಸೀತಾರಾಮ್ ಅವರ 'ಮುಕ್ತ' ಆದ ಮೇಲೆ ಬಂದದ್ದು 'ಮುಕ್ತ 2' ಅಲ್ಲ, 'ಮುಕ್ತ ಮುಕ್ತ'. 1998ರ 'ಮಾಯಾಮೃಗ' 2022ರಲ್ಲಿ ಮರಳಿದ್ದು 'ಮತ್ತೆ ಮಾಯಾಮೃಗ' ಆಗಿ. ದ್ವಿರುಕ್ತಿಯೂ 'ಮತ್ತೆ'ಯೂ ಕನ್ನಡ ವ್ಯಾಕರಣದ ಸರಕು. ವಿಶ್ವಕೋಶ ಬರೆಯುವವರಿಗೂ ಇದರಿಂದ ಸುಖ, ಹೆಸರೇ ಬೇರೆಯಾದ್ದರಿಂದ ಬಾಲ ಬೇಡ, ಆವರಣ ಬೇಡ. ಜೀ ಕನ್ನಡದ 'ನಾಗಿಣಿ' (2016) ಮತ್ತು 'ನಾಗಿಣಿ 2' (2020) ಅಂಕಿಯ ದಾರಿ ಹಿಡಿದವು. ತಾರಾಗಣ ಬೇರೆ, ಆದರೂ ಹೆಸರಲ್ಲೇ ಅಂಕಿ ಇದೆ. ಇಲ್ಲಿ '2' ಎನ್ನುವುದು ಸೀಸನ್ನಿನ ಸಂಖ್ಯೆಯೋ ಶೀರ್ಷಿಕೆಯ ಭಾಗವೋ? ನನ್ನ ಪ್ರಕಾರ ಶೀರ್ಷಿಕೆಯ ಭಾಗ. ಪರದೆಯ ಮೇಲೆ ಹಾಗೆ ಬರೆದು ತೋರಿಸಿದ್ದಾರೆ, ನಾವೂ ಹಾಗೇ ಬರೆಯಬೇಕು. 'ನಾಗಿಣಿ (ಸೀಸನ್ 2)' ಎಂದು ತಿದ್ದುವುದು ತಪ್ಪು.

ಈ ಆವರಣದ ವಿಷಯದಲ್ಲಿ ಇಂಗ್ಲಿಷಿನವರೂ ಈಚೆಗೆ ಮನಸ್ಸು ಬದಲಿಸಿದ್ದಾರೆ. ಮೊದಲು 'ಗೇಮ್ ಆಫ್ ಥ್ರೋನ್ಸ್ (ಸೀಸನ್ 8)' ಎಂಬ ಮಾದರಿಯಲ್ಲಿ ಬರೆಯುತ್ತಿದ್ದವರು ಈಗ ಆವರಣ ತೆಗೆದು 'ಗೇಮ್ ಆಫ್ ಥ್ರೋನ್ಸ್ ಸೀಸನ್ 8' ಎಂದು ಬರೆಯುತ್ತಾರೆ. ಇಂಥ ಸಾವಿರಾರು ಪುಟಗಳ ಹೆಸರು ಬದಲಾಯಿತು. ಇದರ ಹಿಂದೆ ಒಳ್ಳೆಯ ತರ್ಕ ಇದೆ. ಆವರಣ ಇರುವುದು ಒಂದೇ ಹೆಸರಿನ ಎರಡು ಸಂಗತಿಗಳನ್ನು ಬೇರೆ ಮಾಡಲು. 'ಸೀಸನ್ 8' ಹಾಗೆ ಹೊರಗಿನಿಂದ ಅಂಟಿಸಿದ ಗುರುತಲ್ಲ, ಜನ ಬಾಯಲ್ಲಿ ಹೇಳುವುದೇ ಹಾಗೆ. 'ಬಿಗ್ ಬಾಸ್ ಸೀಸನ್ 11 ನೋಡಿದ್ಯಾ' ಎನ್ನುತ್ತೇವೆಯೇ ಹೊರತು 'ಬಿಗ್ ಬಾಸ್, ಆವರಣದಲ್ಲಿ ಸೀಸನ್ 11' ಎಂದು ಯಾರೂ ಅನ್ನುವುದಿಲ್ಲ.

ಅಂಕಿ ಇದ್ದರೆ ಎಲ್ಲ ಸಲೀಸು ಎಂದುಕೊಂಡವರಿಗೆ 'ಡಾಕ್ಟರ್ ಹೂ' ಕಥೆ ಹೇಳಬೇಕು. ಬಿಬಿಸಿಯ ಈ ಸರಣಿ ಶುರುವಾದದ್ದು 1963ರಲ್ಲಿ, ನಿಂತದ್ದು 1989ರಲ್ಲಿ, ಮತ್ತೆ ಎದ್ದದ್ದು 2005ರಲ್ಲಿ. ಹಳೆಯ ಕಾಲದವನ್ನು ಅಭಿಮಾನಿಗಳು 'ಸೀಸನ್' ಎಂದು ಎಣಿಸುತ್ತಾರೆ, 2005ರಿಂದ ಈಚಿನವನ್ನು ಬ್ರಿಟಿಷ್ ರೂಢಿಯಂತೆ 'ಸೀರೀಸ್' ಎಂದು ಒಂದರಿಂದ ಎಣಿಸುತ್ತಾರೆ. ಹೀಗಾಗಿ ವಿಕಿಪೀಡಿಯದಲ್ಲಿ 'ಡಾಕ್ಟರ್ ಹೂ ಸೀಸನ್ 1' ಎಂದರೆ 1963ರದ್ದು, 'ಡಾಕ್ಟರ್ ಹೂ ಸೀರೀಸ್ 1' ಎಂದರೆ 2005ರದ್ದು. ಇಷ್ಟೂ ಸಾಲದು ಎಂಬಂತೆ 2024ರಲ್ಲಿ ಹೊಸ ನಾಯಕ, ಹೊಸ ಪಾಲುದಾರ ಡಿಸ್ನಿ ಬಂದಾಗ ಪ್ರಚಾರದಲ್ಲಿ ಮತ್ತೆ 'ಸೀಸನ್ 1' ಎಂದೇ ಕರೆದರು. ಮೂರನೇ ಒಂದು! ವಿಕಿಪೀಡಿಯದವರು ಮಣಿಯಲಿಲ್ಲ, ತಮ್ಮ ಲೆಕ್ಕದಲ್ಲಿ ಅದನ್ನು 'ಸೀರೀಸ್ 14' ಎಂದೇ ಮುಂದುವರಿಸಿದರು. ಕಂಪನಿ ಹೇಳಿದ್ದೇ ಹೆಸರಾಗಬೇಕಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ 'ಬಿಗ್ ಬಾಸ್ ಕನ್ನಡ' ಅಷ್ಟು ಗೋಜಲಲ್ಲ. ಆದರೂ ನೋಡಿ. ಸೀಸನ್ 1 (2013) ಈಟಿವಿ ಕನ್ನಡದಲ್ಲಿ, ಸೀಸನ್ 2 (2014) ಸುವರ್ಣದಲ್ಲಿ, ಸೀಸನ್ 3 (2015) ಕಲರ್ಸ್ ಕನ್ನಡದಲ್ಲಿ. ವಾಹಿನಿ ಬದಲಾದರೂ ಅಂಕಿ ಮುಂದುವರಿಯಿತು. 2021ರ ಸೀಸನ್ 8 ಕೋವಿಡ್‌ನಿಂದ ಅರ್ಧಕ್ಕೆ ನಿಂತು, ಕೆಲವು ವಾರದ ಮೇಲೆ 'ಎರಡನೇ ಇನ್ನಿಂಗ್ಸ್' ಎಂದು ಮತ್ತೆ ಶುರುವಾಯಿತು. ಬಿಡುವು ಬಿತ್ತು, ಆದರೆ ಸೀಸನ್ ಒಂದೇ. ಅದೇ ವರ್ಷ ಧಾರಾವಾಹಿ ಕಲಾವಿದರ 'ಮಿನಿ ಸೀಸನ್' ಬಂತು, 2022ರಲ್ಲಿ ಓಟಿಟಿ ಆವೃತ್ತಿ ಬಂತು. ಇವೆರಡಕ್ಕೂ ಅಂಕಿ ಸಿಗಲಿಲ್ಲ. ಹೆಸರಲ್ಲಿ 'ಸೀಸನ್' ಎಂದಿದ್ದೂ ಲೆಕ್ಕದಲ್ಲಿ ಸೀಸನ್ ಅಲ್ಲದ್ದು ಮಿನಿ ಸೀಸನ್. ಜನರ ಬಾಯಲ್ಲಿ ಇನ್ನೊಂದು ಲೆಕ್ಕ ಇದೆ: 'ಶೈನ್ ಗೆದ್ದ ಸೀಸನ್', 'ಹನುಮಂತ ಗೆದ್ದ ಸೀಸನ್'. ಈ ಲೆಕ್ಕದಲ್ಲಿ 'ಪ್ರಥಮ್ ಸೀಸನ್' ಎಂದರೆ ನಾಲ್ಕನೆಯದು! ಇದನ್ನು ಯಾವ ಅನುವಾದ ಯಂತ್ರಕ್ಕೆ ಕೊಟ್ಟರೂ ಅದು ಮೊದಲನೆಯದು ಎಂದೇ ತಿಳಿದುಕೊಂಡೀತು.

ಅಂಕಿ, ವರ್ಷ, ಹೆಸರು ಈ ಮೂರರಲ್ಲಿ ಯಾವುದು ನೆಚ್ಚಿಗೆಯದು ಎಂದು ನಾನು ಕಲಿತದ್ದು ಟಿವಿಯಿಂದಲ್ಲ, ಹಾಕಿಯಿಂದ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರಿಂದ ಕರಡ ಎಂಬ ಊರಿನಲ್ಲಿ ಶುರುವಾಯಿತು. ಪ್ರತಿ ವರ್ಷ ಒಂದೊಂದು ಒಕ್ಕ ಅದನ್ನು ನಡೆಸುತ್ತದೆ, ಆ ವರ್ಷದ ಕಪ್ಪಿಗೆ ಆ ಒಕ್ಕದ್ದೇ ಹೆಸರು. ಮೊದಲನೆಯದು ಪಾಂಡಂಡ ಕಪ್. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದದ್ದು ಕುಂಡ್ಯೋಳಂಡ ಕಪ್, 360 ಕುಟುಂಬ ತಂಡಗಳು ಸೇರಿ ಗಿನ್ನೆಸ್ ದಾಖಲೆಯಾದದ್ದು ಆಗ. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್. ಇದು 25ನೇ ವರ್ಷದ ಹಬ್ಬ ಎಂದು ಹೇಳುವುದನ್ನು ಕೇಳಿ ಒಬ್ಬ ಹುಡುಗ ಲೆಕ್ಕ ಹಾಕಿ, 1997ರಿಂದ ಎಣಿಸಿದರೆ 29 ಆಗಬೇಕಲ್ಲ ಎಂದು ನನ್ನ ಜೊತೆ ವಾದಕ್ಕೆ ನಿಂತ. ಅವನ ಗಣಿತ ತಪ್ಪಲ್ಲ. 2018ರ ಭೂಕುಸಿತ, ಆಮೇಲೆ ಕೋವಿಡ್ ಎಂದು ನಾಲ್ಕು ವರ್ಷ ಹಬ್ಬವೇ ನಡೆಯಲಿಲ್ಲ. 2018ರದ್ದು 22ನೆಯದು, ಅದರ ಮುಂದಿನದು, 23ನೆಯದು, ಬಂದದ್ದು 2023ರಲ್ಲಿ, ಅಪ್ಪಚೆಟ್ಟೋಳಂಡ ಕಪ್.

ಇಲ್ಲಿ ಮೂರೂ ಗುರುತುಗಳು ಬೇರೆ ಬೇರೆ ಕೆಲಸ ಮಾಡುತ್ತವೆ. ಅಂಕಿ ಎಷ್ಟನೆಯದು ಎಂದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ವರ್ಷ ಯಾವಾಗ ಎಂದು ಹೇಳುತ್ತದೆ, ಎಷ್ಟನೆಯದು ಎನ್ನುವುದಿಲ್ಲ. ಒಕ್ಕದ ಹೆಸರು ಇವೆರಡನ್ನೂ ಹೇಳುವುದಿಲ್ಲ, ಆದರೆ ಕೊಡಗಿನಲ್ಲಿ ಯಾರನ್ನು ಕೇಳಿದರೂ ನೆನಪಿರುವುದು ಅದೇ. ವಿಶ್ವಕೋಶದ ಶೀರ್ಷಿಕೆಗೆ ನಾನಾದರೆ ವರ್ಷವನ್ನೇ ಆರಿಸಿಕೊಳ್ಳುತ್ತೇನೆ. ಅಂಕಿಯನ್ನು ಎಲ್ಲಿಂದ ಎಣಿಸಬೇಕು, ಯಾವುದನ್ನು ಬಿಡಬೇಕು ಎಂದು ವಾದಿಸಬಹುದು. ಮೊದಲ ಪ್ರಸಾರದ ವರ್ಷವನ್ನು ವಾದಿಸಿ ಬದಲಿಸಲು ಆಗುವುದಿಲ್ಲ. ಡಾಕ್ಟರ್ ಹೂವಿನ ಮೂರು ಒಂದುಗಳಿಗೂ ವರ್ಷ ಮೂರು ಬೇರೆ.

ಇನ್ನು ಲಿಪಿಯ ಕಥೆ. ಇದು ಇಂಗ್ಲಿಷಿನವರನ್ನು ಅಷ್ಟಾಗಿ ಕಾಡುವುದಿಲ್ಲ, ಕನ್ನಡದಂಥ ಲಿಪಿಯಲ್ಲಿ ಬರೆಯುವವರಿಗೆ ಗೊತ್ತಿರುವ ತಲೆನೋವು.

ವಿಕಿಪೀಡಿಯದ ಶೀರ್ಷಿಕೆ 255 ಬೈಟ್ ಮೀರುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು. ಅಂದರೆ ನಮಗೆ ಸಿಗುವುದು 85 ಚಿಹ್ನೆ. ಅಕ್ಷರವಲ್ಲ, ಚಿಹ್ನೆ. 'ಸ್ತ್ರೀ' ಎಂಬ ಒಂದೇ ಅಕ್ಷರ ಕಂಪ್ಯೂಟರಿಗೆ ಸ, ಹಲಂತ, ತ, ಹಲಂತ, ರ, ದೀರ್ಘ ಎಂದು ಆರು ಚಿಹ್ನೆ, ಹದಿನೆಂಟು ಬೈಟ್. 'ಲಕ್ಷ್ಮೀ ಬಾರಮ್ಮ' 40 ಬೈಟ್ ತಿನ್ನುತ್ತದೆ. ಧಾರಾವಾಹಿಯ ಹೆಸರು, ಸೀಸನ್, ಸಂಚಿಕೆಯ ಹೆಸರು, ಎಲ್ಲವನ್ನೂ ಸೇರಿಸಿ ಉದ್ದದ ಶೀರ್ಷಿಕೆ ಕಟ್ಟುತ್ತಾ ಹೋದರೆ ಇಂಗ್ಲಿಷಿಗಿಂತ ಬಹಳ ಬೇಗ ಗೋಡೆಗೆ ಡಿಕ್ಕಿ ಹೊಡೆಯುತ್ತೇವೆ. ಕೊಂಡಿಯನ್ನು ವಾಟ್ಸಾಪಿಗೆ ಹಾಕಿದರೆ ಇನ್ನೂ ಚೆಂದ. ಒಂದೊಂದು ಬೈಟೂ ಶೇಕಡಾ ಚಿಹ್ನೆಯ ಜೊತೆ ಮೂರು ಅಕ್ಷರವಾಗುತ್ತದೆ. 'ಕೊಡಗು' ಎಂಬ ಪುಟ್ಟ ಪದ 45 ಅಕ್ಷರದ ಹಾವಾಗಿ ಬಿದ್ದಿರುತ್ತದೆ. ಅದನ್ನು ಕಂಡು 'ವೈರಸ್ಸಾ ಇದು?' ಎಂದು ಕೇಳಿದವರು ನಮ್ಮ ಕುಟುಂಬದ ಗ್ರೂಪಿನಲ್ಲೇ ಇದ್ದಾರೆ.

ಅದಕ್ಕಿಂತ ಕಿರಿಕಿರಿ ಕಣ್ಣಿಗೆ ಕಾಣದ ಚಿಹ್ನೆಯದ್ದು. 'ಸೀಸನ್‌ಗಳು' ಎಂದು ಬರೆಯುವಾಗ ನ್ ಮತ್ತು ಗ ಕೂಡಿ ಒತ್ತಕ್ಷರವಾಗದಂತೆ ನಡುವೆ ಒಂದು ಅಗೋಚರ ತಡೆ ಇಡುತ್ತೇವೆ. ಕೆಲವು ಕೀಲಿಮಣೆಗಳು ಪದದ ಕೊನೆಯ ಅರ್ಧಾಕ್ಷರಕ್ಕೂ ಅದನ್ನು ಸೇರಿಸುತ್ತವೆ. ಆಗ 'ಬಿಗ್ ಬಾಸ್' ಎಂಬ ಎರಡು ಶೀರ್ಷಿಕೆ ಕಣ್ಣಿಗೆ ಒಂದೇ, ತಂತ್ರಾಂಶಕ್ಕೆ ಎರಡು. ಒಂದೇ ವಿಷಯದ ಮೇಲೆ ಎರಡು ಪುಟ ಹುಟ್ಟಿಕೊಂಡು ಇಬ್ಬರು ಬೇರೆ ಬೇರೆ ಬರೆಯುತ್ತಾ ಕೂರಬಹುದು. 'ಲಕ್ಷ್ಮಿ' ಹ್ರಸ್ವವೋ ದೀರ್ಘವೋ, ಅಂಕಿ '೨' ಎಂದೋ '2' ಎಂದೋ, 'ಎಪಿಸೋಡು', 'ಸಂಚಿಕೆ', 'ಕಂತು' ಇವುಗಳಲ್ಲಿ ಯಾವುದೋ, ಹೀಗೆ ಒಂದೊಂದೂ ಒಂದೊಂದು ಕವಲು. ಇದಕ್ಕೆ ಮದ್ದು ಪುನರ್ನಿರ್ದೇಶನ ಪುಟ. ಒಂದು ಹೆಸರನ್ನು ಮುಖ್ಯ ಎಂದು ಇಟ್ಟುಕೊಂಡು ಉಳಿದೆಲ್ಲ ರೂಪಗಳಿಂದ ಅಲ್ಲಿಗೆ ದಾರಿ ಮಾಡಿಕೊಡುವುದು. ಮರ್ಕೆರಾ ಎಂದು ಹುಡುಕಿದವರನ್ನು ಮಡಿಕೇರಿಗೂ ಫ್ರೇಸರ್‌ಪೇಟೆ ಎಂದವರನ್ನು ಕುಶಾಲನಗರಕ್ಕೂ ತಂದು ಬಿಡುವ ಹಾಗೆ.

ಅಂಕಿಯ ವಿಷಯದಲ್ಲಿ ಇನ್ನೊಂದು ಸಣ್ಣ ಮಾತು. ಒಂದೇ ಬಗೆಯ ಪುಟಗಳನ್ನು ಒಟ್ಟು ಸೇರಿಸುವ ವರ್ಗಗಳ ಪಟ್ಟಿಯಲ್ಲಿ ತಂತ್ರಾಂಶ ಶೀರ್ಷಿಕೆಯನ್ನು ಅಕ್ಷರ ಅಕ್ಷರವಾಗಿ ನೋಡಿ ಜೋಡಿಸಿದರೆ ಸೀಸನ್ 10, 11, 12 ಬಂದು ಸೀಸನ್ 2ರ ಮುಂದೆ ಕೂರುತ್ತವೆ. ಪುಟದೊಳಗೆ ಜೋಡಣೆಗೆಂದೇ '02' ಎಂಬ ಬೇರೆ ಕೀಲಿ ಕೊಟ್ಟು ಸರಿಪಡಿಸಬೇಕಾಗುತ್ತದೆ.

ಈಗ ಸಂಚಿಕೆ. ಕನ್ನಡ ಧಾರಾವಾಹಿಯ ಸಂಚಿಕೆಗಳಿಗೆ ಹೆಸರಿಲ್ಲ, ಇರುವುದು ಸಂಖ್ಯೆ ಮತ್ತು ದಿನಾಂಕ. ಈಗ ಓಟಿಟಿ ಆ್ಯಪುಗಳಲ್ಲಿ ಪ್ರತಿ ಸಂಚಿಕೆಗೂ ಒಂದು ಚಿಕ್ಕ ಒಕ್ಕಣೆ ಕಾಣುತ್ತದೆ, ನಾಯಕಿ ಕಂಗಾಲಾದಳು, ಸತ್ಯ ಹೊರಬಿತ್ತು ಎಂಬಂಥದ್ದು. ಅದನ್ನು ಸಂಚಿಕೆಯ ಹೆಸರು ಎಂದು ಬರೆಯುವವರನ್ನು ನೋಡಿದ್ದೇನೆ. ಅದು ಹೆಸರಲ್ಲ, ಅಂಗಡಿಯವರು ಡಬ್ಬಿಗೆ ಅಂಟಿಸಿದ ಚೀಟಿ. ಯೂಟ್ಯೂಬಿನಲ್ಲಿ ಅದೇ ಸಂಚಿಕೆಯ ತುಣುಕಿಗೆ ಬೇರೆ ಚೀಟಿ ಇರುತ್ತದೆ. 'ಮಾಲ್ಗುಡಿ ಡೇಸ್'ನಲ್ಲಿ ಹಾಗಲ್ಲ, ಅಲ್ಲಿ ಪ್ರತಿ ಕಂತಿಗೂ ಕಥೆಯದೇ ಹೆಸರಿತ್ತು. ಅಂಥ ಕಂತಿಗೆ ಹೆಸರಿನ ಪುಟ ಮಾಡಬಹುದು, ಆಗಲೂ ಕಾದಂಬರಿಯ ಹೆಸರಿಗೂ ಕಂತಿನ ಹೆಸರಿಗೂ ಜಗಳ ಬರುತ್ತದೆ. 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರ ಕಾದಂಬರಿ ಮೊದಲು, ಕಂತು ಆಮೇಲೆ.

ಸಂಖ್ಯೆಯಾದರೂ ಗಟ್ಟಿಯೇ ಎಂದರೆ ಅದೂ ಇಲ್ಲ. ಭಾನುವಾರ ಒಂದು ಗಂಟೆಯ ಮಹಾಸಂಚಿಕೆ ಬಂದರೆ ಒಬ್ಬರ ಲೆಕ್ಕದಲ್ಲಿ ಒಂದು, ಇನ್ನೊಬ್ಬರ ಲೆಕ್ಕದಲ್ಲಿ ಎರಡು. ಎರಡು ಧಾರಾವಾಹಿಗಳ ಪಾತ್ರಗಳು ಒಂದೇ ಮದುವೆಮನೆಯಲ್ಲಿ ಸೇರುವ 'ಮಹಾಸಂಗಮ' ಬಂದಾಗ ಅದು ಯಾರ ಸಂಚಿಕೆ? ಆದ್ದರಿಂದ ದಿನವಹಿ ಧಾರಾವಾಹಿಯ ಬಿಡಿ ಸಂಚಿಕೆಗೆ ಪುಟ ಬೇಡ, ಹೆಸರೂ ಬೇಡ. ಯಾವುದೋ ಸಂಚಿಕೆಯನ್ನು ಉಲ್ಲೇಖಿಸಲೇಬೇಕಾದರೆ ಧಾರಾವಾಹಿಯ ಹೆಸರು ಮತ್ತು ಪ್ರಸಾರದ ದಿನಾಂಕ. ಒಕ್ಕದ ಹೆಸರು ಮೊದಲು ಎಂದು ಆಗಲೇ ಹೇಳಿದ್ದು ಇದಕ್ಕೇ.

ಹೆಸರು ಎಷ್ಟು ಬದಲಾದರೂ ಕೆಳಗೆ ಬದಲಾಗದ ಒಂದು ಗುರುತು ಈಗ ಇದೆ. 2012ರಲ್ಲಿ ಶುರುವಾದ, ವಿಕಿಪೀಡಿಯದ ಸೋದರ ದತ್ತಾಂಶ ಭಂಡಾರ ವಿಕಿಡೇಟಾದಲ್ಲಿ ಪ್ರತಿ ಸಂಗತಿಗೂ ಒಂದು ಖಾಯಂ ಸಂಖ್ಯೆ, ಆಧಾರ್ ಇದ್ದ ಹಾಗೆ. ಕನ್ನಡದ ಪುಟಕ್ಕೆ ಏನೇ ಹೆಸರಿಡಿ, ಇಂಗ್ಲಿಷ್ ಪುಟಕ್ಕೆ ಏನೇ ಇಡಿ, ಎರಡೂ ಒಂದೇ ಸಂಖ್ಯೆಗೆ ಕಟ್ಟಿಕೊಂಡಿರುತ್ತವೆ. ಯಾವ ಸರಣಿಯದು, ಎಷ್ಟನೇ ಸೀಸನ್, ಯಾವ ದಿನ ಮೊದಲು ಬಂತು ಎನ್ನುವುದೆಲ್ಲ ಅಲ್ಲಿ ಬೇರೆ ಬೇರೆ ಖಾನೆಯಲ್ಲಿ ಕೂರುತ್ತದೆ. ಹಾಗಾದರೆ ಶೀರ್ಷಿಕೆಯೊಳಗೆ ಎಲ್ಲವನ್ನೂ ತುರುಕುವ ಒತ್ತಡ ಯಾಕೆ? ಯಂತ್ರಕ್ಕೆ ಬೇಕಾದ ನಿಖರತೆಯನ್ನು ಯಂತ್ರದ ಖಾನೆಗೆ ಬಿಟ್ಟು, ಶೀರ್ಷಿಕೆಯನ್ನು ಓದುವವರಿಗೆ ಇಡಬಹುದು. ಆದರೆ ಇಲ್ಲೂ ತಪ್ಪು ಮಾಡಿದರೆ ಫಲ ಕೆಟ್ಟದ್ದೇ. ಎರಡು ಲಕ್ಷ್ಮಿಯರನ್ನು ಒಂದೇ ಸಂಖ್ಯೆಗೆ ಕಟ್ಟಿದರೆ, ಫೋನಿಗೆ ಮಾತಿನಲ್ಲೇ ಪ್ರಶ್ನೆ ಕೇಳುವವರಿಗೆ 2013ರ ಕಥೆಗೆ 2023ರ ತಾರಾಗಣ ಸಿಗುತ್ತದೆ.

ನನ್ನ ಪುಟಕ್ಕೆ ಕೊನೆಗೆ ಇಟ್ಟದ್ದು 'ಲಕ್ಷ್ಮೀ ಬಾರಮ್ಮ (2013ರ ಧಾರಾವಾಹಿ)'. ಇನ್ನೊಂದಕ್ಕೆ ಅದೇ ಮಾದರಿಯಲ್ಲಿ 2023. ಬರಿಯ 'ಲಕ್ಷ್ಮೀ ಬಾರಮ್ಮ' ಎಂಬ ಹೆಸರನ್ನು ಎರಡಕ್ಕೂ ದಾರಿ ತೋರಿಸುವ ದ್ವಂದ್ವ ನಿವಾರಣೆ ಪುಟವಾಗಿ ಬಿಟ್ಟೆ. ಇಂಗ್ಲಿಷಿನವರಾಗಿದ್ದರೆ ಹೆಚ್ಚು ಜನ ಹುಡುಕುವುದು ಯಾವುದು ಎಂದು ಲೆಕ್ಕ ಹಾಕಿ ಅದಕ್ಕೆ ಬರಿ ಹೆಸರು ಕೊಡುತ್ತಿದ್ದರೇನೋ. ನಮ್ಮ ಮನೆಯಲ್ಲೇ ಎರಡು ಪಕ್ಷ ಇರುವಾಗ ನನಗೆ ಆ ಧೈರ್ಯ ಬರಲಿಲ್ಲ. ಪುಟದ ತಲೆಯ ಮೇಲೆ ಒಂದು ಸಾಲು ಹಾಕಿದೆ: 'ಈ ಲೇಖನ 2013ರಲ್ಲಿ ಆರಂಭವಾದ ಧಾರಾವಾಹಿಯ ಬಗ್ಗೆ, 2023ರ ಧಾರಾವಾಹಿಗೆ ಬೇರೆ ಪುಟ ನೋಡಿ.'

ಚಿಕ್ಕಮ್ಮ ಕನ್ನಡಕ ಏರಿಸಿ ಅದನ್ನು ಓದಿದರು.

"ವರ್ಷ ಯಾರಿಗೋ ನೆನಪಿರುತ್ತೆ? ಗೊಂಬೆ ಎಲ್ಲಿ?"

"ಕೆಳಗೆ ಪಾತ್ರಗಳ ಪಟ್ಟೀಲಿ ಇದೆ."

"ಮೇಲೆ ತಗೊಂಡ್ ಬಾ."

ಮೊದಲ ವಾಕ್ಯದಲ್ಲೇ ಗೊಂಬೆಯನ್ನೂ ಚಿನ್ನುವನ್ನೂ ತಂದು ಉಳಿಸಿದೆ.